ಕಾಪಿ ಹೊಡೆಯದೆ ಕಾಪಿ ಅನ್ನಿಸಿಕೊಂಡವ

ಲ್ಯಾಬ್ ರೆಕಾರ್ಡ್ ನಾವೇ ಕೂತು ಬರೆದಿರ್ತೀವಿ. ಪಕ್ಕದವನು ಮೊದಲು ಸಬ್ಮಿಟ್ ಮಾಡಿದ ಅನ್ನೋ ಕಾರಣಕ್ಕೆ ನಮ್ಮದನ್ನೇ ಕಾಪಿ ಅಂದ್ರೆ ಹೇಗಿರುತ್ತೆ? ಅಮೆರಿಕದ ಬ್ಯಾಂಜೋ ವಾದಕ ಡಾನ್ ರೀನೋಗೆ ಆಗಿದ್ದು ಹೆಚ್ಚುಕಡಿಮೆ ಅದೇ.

ರೀನೋ ಹುಟ್ಟಿದ್ದು 1926ರಲ್ಲಿ, ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್‌ನಲ್ಲಿ. ಆ ಸೀಮೆಯಲ್ಲಿ ಸ್ನಫಿ ಜೆಂಕಿನ್ಸ್ ಎಂಬ ವಾದಕ ಮೂರು ಬೆರಳಲ್ಲಿ ಬ್ಯಾಂಜೋ ಮೀಟುತ್ತಿದ್ದ, ರೇಡಿಯೋದಲ್ಲೂ ನುಡಿಸುತ್ತಿದ್ದ. ರೀನೋ ಆ ಬಾನಿ ಹಿಡಿದದ್ದು ಅವನಿಂದ. ಎರಡು ವರ್ಷ ದೊಡ್ಡವನಾದ, ಪಕ್ಕದ ಉತ್ತರ ಕೆರೊಲಿನಾದ ಅರ್ಲ್ ಸ್ಕ್ರಗ್ಸ್ ಬೆಳೆದದ್ದೂ ಅದೇ ಬಾನಿಯಲ್ಲಿ.

1943ರಲ್ಲಿ ಬಿಲ್ ಮನ್ರೋ ರೀನೋನನ್ನು ತನ್ನ ತಂಡಕ್ಕೆ ಕರೆದ. ಬ್ಲೂಗ್ರಾಸ್ ಸಂಗೀತಕ್ಕೆ ಆ ಹೆಸರು ಬಂದಿದ್ದೇ ಮನ್ರೋ ತಂಡದಿಂದ. ಆದರೆ ಅದು ಯುದ್ಧದ ಕಾಲ. ರೀನೋ ಸೈನ್ಯ ಸೇರಿದ, ಬರ್ಮಾದಲ್ಲಿ ಕಾದಾಡಿದ ಮೆರಿಲ್ಸ್ ಮರಾಡರ್ಸ್ ಪಡೆಯಲ್ಲಿದ್ದು ಗಾಯಗೊಂಡ. 1945ರ ಕೊನೆಯಲ್ಲಿ ಮನ್ರೋ ತಂಡಕ್ಕೆ ಬ್ಯಾಂಜೋ ಹಿಡಿದು ಬಂದವನು ಸ್ಕ್ರಗ್ಸ್. ಜನ ಹುಚ್ಚೆದ್ದು ಕೇಳಿದರು. ಮೂರು ಬೆರಳ ಬಾನಿಗೆ ಸ್ಕ್ರಗ್ಸ್ ಬಾನಿ ಅಂತಲೇ ಹೆಸರಾಯ್ತು.

1948ರಲ್ಲಿ ಸ್ಕ್ರಗ್ಸ್ ತಂಡ ಬಿಟ್ಟ, ರೀನೋ ಬಂದ. ಕೇಳಿದವರೆಲ್ಲ ಇವನೂ ಸ್ಕ್ರಗ್ಸ್ ಥರಾನೇ ನುಡಿಸ್ತಾನೆ ಅಂದರು. ಜಗಳ ಆಡಬಹುದಿತ್ತು, ಆಡಲಿಲ್ಲ. ಇಬ್ಬರೂ ತಮ್ಮ ಬ್ಯಾಂಜೋಗಳನ್ನೇ ಅದಲುಬದಲು ಮಾಡಿಕೊಂಡಷ್ಟು ಸ್ನೇಹ! ಸ್ಕ್ರಗ್ಸ್ ಕೊನೇವರೆಗೂ ನುಡಿಸಿದ ಗಿಬ್ಸನ್ ಗ್ರನಾಡಾ ಮೊದಲು ರೀನೋದು.

ರೀನೋ ಬದಲಿಸಿದ್ದು ತನ್ನ ಕೈಯನ್ನು. ಮೂರು ಬೆರಳ ಬಾನಿಯಲ್ಲಿ ಬೆರಳುಗಳು ಬೇರೆ ಬೇರೆ ತಂತಿಗಳ ಮೇಲೆ ಸುತ್ತುತ್ತಾ ಇರುತ್ತವೆ, ಹಾಡಿನ ಸ್ವರಗಳು ಆ ಸುತ್ತಿನೊಳಗೆ ಸಿಗಬೇಕು. ರೀನೋ ಒಂದೇ ತಂತಿಯನ್ನು ಹೆಬ್ಬೆರಳು, ತೋರುಬೆರಳಿಂದ ಒಂದಾದ ಮೇಲೊಂದರಂತೆ ಮೀಟಿ ಸ್ವರಗಳನ್ನ ಸಾಲಾಗಿ ಹೊರಡಿಸಿದ. ಗಿಟಾರಲ್ಲಿ ಇದು ಮಾಮೂಲು. ಬ್ಯಾಂಜೋದಲ್ಲಿ ನಾದ ಬೇಗ ಸಾಯುತ್ತೆ, ಒಂದು ಮೀಟು ತಪ್ಪಿದ್ರೂ ಬಯಲಾಗುತ್ತೆ. ಅದನ್ನ ಬ್ಲೂಗ್ರಾಸ್ ವೇಗದಲ್ಲಿ ನುಡಿಸಿದ. ಜಾಝ್ ಸಂಗೀತದ ಕಾರ್ಡ್‌ಗಳನ್ನೂ ತಂದ. ಬ್ಯಾಂಜೋ ಕಲಿಸುವವರು ಇದನ್ನ ಇವತ್ತಿಗೂ ರೀನೋ ಬಾನಿ ಅಂತಾರೆ.

1951ರಲ್ಲಿ ರೆಡ್ ಸ್ಮೈಲಿ ಜೊತೆ ತಂಡ ಕಟ್ಟಿದ. ಮರುವರ್ಷ ಕಿಂಗ್ ರೆಕಾರ್ಡ್ಸ್‌ಗೆ ಹಾಡುಗಳನ್ನೂ ಕೊಟ್ಟರು. ಕಾರ್ಯಕ್ರಮಗಳು ಮಾತ್ರ ಸಿಗಲಿಲ್ಲ! ತಂಡ ಚದುರಿ, ಮತ್ತೆ ಕೂಡಿದ್ದು 1955ಕ್ಕೆ.

ಅದೇ ವರ್ಷ ಆರ್ಥರ್ ಸ್ಮಿತ್ ಜೊತೆ ಸವಾಲ್-ಜವಾಬ್ ಥರದ ಒಂದು ಧ್ವನಿಮುದ್ರಣ ಮಾಡಿದ. 'ಡ್ಯೂಯೆಲಿಂಗ್ ಬ್ಯಾಂಜೋಸ್' ಕೇಳಿರ್ತೀರಿ, ಅದರ ಮೂಲ ಇದೇ. 1972ರ 'ಡೆಲಿವರನ್ಸ್' ಸಿನಿಮಾ ಅದನ್ನ ಸ್ಮಿತ್ ಹೆಸರೂ ಹಾಕದೆ ಬಳಸಿಕೊಂಡಿತು. ಸ್ಮಿತ್ ಕೋರ್ಟಿಗೆ ಹೋಗಿ ಗೆದ್ದ. ಮೂಲದಲ್ಲಿ ಐದು ತಂತಿಯ ಬ್ಯಾಂಜೋ ರೀನೋದು ಅಂತ ಎಷ್ಟು ಜನಕ್ಕೆ ಗೊತ್ತು?

ರೀನೋ 1984ರಲ್ಲಿ ತೀರಿಕೊಂಡ. ಮೂವರು ಗಂಡುಮಕ್ಕಳು ಸಂಗೀತಕ್ಕೇ ಬಂದರು. ದೊಡ್ಡವನಾದ ರಾನಿ ಚಿಕ್ಕ ಹುಡುಗನಾಗಿದ್ದಾಗಲೇ ಅಪ್ಪನ ತಂಡದಲ್ಲಿ ಮ್ಯಾಂಡೊಲಿನ್ ನುಡಿಸುತ್ತಿದ್ದ. ಬ್ಯಾಂಜೋ ಹಿಡಿದವನು ಡಾನ್ ವೇಯ್ನ್.