ಮುಂದಿನ ಸಾಲನ್ನೇ ಚಿವುಟಿದ ಶ್ರೀರಂಗರು

ಜಾತ್ರೆ ಬಂತಂದ್ರ ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಲ್ಲಿ ನಾಟಕ ಇರಲೇಬೇಕು. ಪರದೆ ಏಳುವ ಮೊದಲು ಗಣ್ಯರಿಗೆ ಹಾರ, ಭಾಷಣ. ದೇಣಿಗೆ ಕೊಟ್ಟವರ ಹೆಸರು ಮೈಕಿನಲ್ಲಿ. ಆಮೇಲೆ ಅದೇ ಗಣ್ಯರು ಮುಂದಿನ ಕುರ್ಚಿಯಲ್ಲಿ ಕೂತು ನಾಟಕ ನೋಡುತ್ತಾರೆ. ಹಾಸ್ಯಪಾತ್ರದವ ಕುಡುಕನನ್ನು ಗೇಲಿ ಮಾಡ್ತಾನ, ಗಂಡ ಹೆಂಡಿರ ಜಗಳ ಆಡಿ ನಗಸ್ತಾನ. ಮುಂದಿನ ಕುರ್ಚಿಯ ಕಡೆಗೆ ಮಾತ್ರ ಅವನ ನಾಲಿಗೆ ಹೊರಳುವುದು ಕಡಿಮೆ. ಆ ಕಡೆಗೇ ನಾಲಿಗೆ ಹೊರಳಿಸಿದ ಒಬ್ಬ ಮಾಸ್ತರು ನಮ್ಮ ಸೀಮೆಯಲ್ಲೇ ಇದ್ದರು. ಅವರೇ ಶ್ರೀರಂಗರು.

ಅವರ ನಿಜವಾದ ಹೆಸರು ಆದ್ಯ ರಂಗಾಚಾರ್ಯ. ಹುಟ್ಟಿದ್ದು 1904ರಲ್ಲಿ, ಆಗಿನ ವಿಜಾಪುರ ಜಿಲ್ಲೆಯ ಅಗರಖೇಡದಲ್ಲಿ. ಪುಣೆಯಲ್ಲಿ ಕಲಿತು, ಲಂಡನ್ನಿಗೆ ಹೋಗಿ ಓದಿ ಬಂದು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳಿದರು. ರೋಣ, ನರಗುಂದ ಆಗ ಧಾರವಾಡ ಜಿಲ್ಲೆಗೇ ಸೇರಿದ್ದವು. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಂಗಾಗಿ ಶ್ರೀರಂಗರು ನಮಗೆ ಹೊರಗಿನವರಲ್ಲ.

ಆ ಕಾಲದಲ್ಲಿ ನಾಟಕ ಅಂದರೆ ಕಂಪನಿ ನಾಟಕ. ಪುರಾಣದ ಕಥೆ, ಝಗಝಗಿಸುವ ಸೀನರಿ, ಹಾಡಿನ ಮೇಲೆ ಹಾಡು, ವನ್ಸ್‌ಮೋರ್. ಗದಗಿನ ಗರುಡ ಸದಾಶಿವರಾಯರ ಹೆಸರು ಮನೆಮಾತಾಗಿದ್ದ ದಿನಗಳವು. ಶ್ರೀರಂಗರು ಬ್ಯಾರೆ ದಾರಿ ಹಿಡಿದರು. ಕಿರೀಟ ಇಲ್ಲ, ಗದೆ ಇಲ್ಲ. ನಾಲ್ಕು ಕುರ್ಚಿ, ನಿಮ್ಮ ನಮ್ಮಂಥ ಮಂದಿ, ದಿನಾ ಆಡುವ ಮಾತು. 1930ರ ದಶಕದ ‘ಹರಿಜನ್ವಾರ’ ನಾಟಕದ ಹೆಸರಿನಲ್ಲೇ ಹರಿಜನರೂ ಜನಿವಾರವೂ ಒಟ್ಟಿಗೆ ಕೂತಿವೆ. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದ ಇವರು ಆ ಮನೆಯ ಕಪಟವನ್ನೇ ರಂಗಕ್ಕೆ ತಂದರು. ಬೇರೆಯವರ ಮನೆಯ ಹೊಲಸು ತೋರಿಸುವುದಕ್ಕಿಂತ ಇದು ಕಷ್ಟದ ಕೆಲಸ.

ಸ್ವಾತಂತ್ರ್ಯ ಬಂತು. ಊರೂರಿಗೆ ತೋರಣ, ಸನ್ಮಾನ. ಎಲ್ಲರೂ ಜಯಕಾರ ಹಾಕುವಾಗ ಶ್ರೀರಂಗರು ‘ಶೋಕಚಕ್ರ’ ಬರೆದರು. ಬಾವುಟದ ಅಶೋಕ ಚಕ್ರದಿಂದ ಕಿತ್ತದ್ದು ಒಂದೇ ಅಕ್ಷರ, ಉಳಿದದ್ದು ಶೋಕ. ಗಾಂಧೀಜಿಯ ಹೆಸರು ಹೇಳಿಕೊಂಡು ಅಧಿಕಾರದ ಬೆನ್ನು ಹತ್ತಿದವರ ಕಥೆ ಅದು. ಹೋದ ಬ್ರಿಟಿಷರನ್ನು ಬೈಯಲು ಧೈರ್ಯ ಬೇಕಿಲ್ಲ. ಕುರ್ಚಿಯಲ್ಲಿ ಕೂತ ನಮ್ಮವರನ್ನು ಕೆಣಕಲು ಬೇಕು. ಮುಂದೆ ‘ಕೇಳು ಜನಮೇಜಯ’ದಲ್ಲಿ ಸ್ವತಂತ್ರ ದೇಶದ ನಾಯಕತ್ವವನ್ನೇ ವಿಡಂಬನೆಗೆ ಒಡ್ಡಿದರು. ಆ ನಾಟಕ ಹಿಂದಿಗೂ ಹೋಯಿತು.

ಹಾಗಂತ ಸರ್ಕಾರ ಅವರನ್ನು ಮರೆಯಲಿಲ್ಲ. 1956ರಲ್ಲಿ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1971ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಭೂಷಣ. 47 ದೊಡ್ಡ ನಾಟಕ, 68 ಏಕಾಂಕ, ಮೇಲೆ ಕಾದಂಬರಿಗಳು. ಭರತನ ನಾಟ್ಯಶಾಸ್ತ್ರವನ್ನು ಇಂಗ್ಲಿಷಿಗೂ ತಂದರು. ಕೊನೆಗಾಲ ಕಳೆದದ್ದು ಬೆಂಗಳೂರಿನಲ್ಲಿ. 1984ರಲ್ಲಿ ಅಲ್ಲೇ ತೀರಿಕೊಂಡರು.

ಕೊರತೆಯೇ ಇಲ್ಲವೆಂದಲ್ಲ. ಪಾತ್ರಗಳು ಮಾತೇ ಬಹಳ ಆಡುತ್ತವೆ ಎಂಬ ದೂರು ಮೊದಲಿಂದಲೂ ಇತ್ತು. ಓದಿದ ಮಂದಿ, ಪಟ್ಟಣದ ಹವ್ಯಾಸಿ ತಂಡಗಳು ಅವರನ್ನು ಹಚ್ಚಿಕೊಂಡಷ್ಟು ಜಾತ್ರೆಯ ಜನ ಹಚ್ಚಿಕೊಳ್ಳಲಿಲ್ಲ. ರಾಜಕಾರಣಿಗಳನ್ನು ಕೆಣಕುವ ನಗೆಯನ್ನು ಸಾಮಾನ್ಯ ಪ್ರೇಕ್ಷಕರವರೆಗೆ ಒಯ್ದದ್ದು ‘ಲಂಚಾವತಾರ’ದ ಮಾಸ್ಟರ್ ಹಿರಣ್ಣಯ್ಯನವರು. ಅದು ಸಾವಿರಾರು ಪ್ರಯೋಗ ಕಂಡಿತು. ಜನರಿಗೆ ಇಂಥ ನಾಟಕ ಬೇಡ ಅನ್ನುವವರಿಗೆ ಅದೇ ಉತ್ತರ.

ನಮ್ಮ ಜಾತ್ರಾ ಕಮಿಟಿಯವರಿಗೆ ಒಂದು ಮಾತು. ವರ್ಷಕ್ಕೊಂದು ರಾತ್ರಿ ಶ್ರೀರಂಗರಿಗೆ ಬಿಡ್ರಿ. ಸೀನರಿ ಬಾಡಿಗೆ ಬೇಡ, ನಾಲ್ಕು ಕುರ್ಚಿ ಸಾಕು. ಗಣ್ಯರಿಗೆ ಹಾರ ಹಾಕ್ರಿ, ಮುಂದೆಯೇ ಕೂಡಿಸ್ರಿ. ಅವರು ಎದ್ದು ಹೋಗದೆ ಕೂತು ನಕ್ಕರೆ ಅವರಿಗೂ ಮರ್ಯಾದೆ, ಊರಿಗೂ ಮರ್ಯಾದೆ.