ಮನೋರೋಗ ಪೇಟೆಯವರ ಕಾಯಿಲೆಯೇ? ಕೋಟದ ಮನೆಮನೆಯಲ್ಲಿ ಉತ್ತರ ಹುಡುಕಿದ ಡಾ. ರವಿ ಕಪೂರ್

ಸಮುದಾಯ ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಸಾಧನೆ ಮಾಡಿದವರಿಗೆ ಪ್ರಶಸ್ತಿ ಎಂಬ ಸುದ್ದಿ ಆಗಾಗ ನಮ್ಮ ಮೊಬೈಲಿಗೆ ಬರುತ್ತದೆ. ಶಾಲು, ಹಾರ, ಫಲಕ ಇರುವ ಫೋಟೋ ನೋಡಿ ಒಂದು ಹೆಬ್ಬೆರಳು ಒತ್ತಿ ಮುಂದಕ್ಕೆ ಕಳಿಸುತ್ತೇವೆ. ಆದರೆ ಸಮುದಾಯ ಮಾನಸಿಕ ಆರೋಗ್ಯ ಎಂದರೇನು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಉತ್ತರ ಗೊತ್ತಿಲ್ಲ.

ಅದೇ ಮೊಬೈಲಿಗೆ ಬೇರೆ ಫಾರ್ವರ್ಡ್‌ಗಳೂ ಬರುತ್ತವೆ. ಡಿಪ್ರೆಶನ್ ಪೇಟೆಯವರ ಕಾಯಿಲೆ, ತೋಟ ಗದ್ದೆಯಲ್ಲಿ ದುಡಿಯುವವರಿಗೆ ಅದು ಬರುವುದೇ ಇಲ್ಲ ಎನ್ನುವುದು ಒಂದು. ಮನಸ್ಸಿನ ಕಾಯಿಲೆಗೆ ಮಾತ್ರೆ ಶುರು ಮಾಡಿದರೆ ಅದು ಚಟವಾಗಿಬಿಡುತ್ತದೆ ಎನ್ನುವುದು ಇನ್ನೊಂದು. ಇವುಗಳಲ್ಲಿ ಮೊದಲನೆಯ ಮಾತಿಗೆ ಐವತ್ತು ವರ್ಷಗಳ ಹಿಂದೆಯೇ ನಮ್ಮದೇ ನಾಡಿನ ಒಂದು ಊರಿನಲ್ಲಿ ಉತ್ತರ ಸಿಕ್ಕಿತ್ತು. ಅದನ್ನು ಹುಡುಕಿದವರು ಡಾ. ಆರ್. ಎಲ್. ಕಪೂರ್. ಎಲ್ಲರೂ ಕರೆಯುತ್ತಿದ್ದದ್ದು ರವಿ ಕಪೂರ್ ಎಂದು. ಅವರ ಬದುಕಿನ ಕತೆ ತಿಳಿದರೆ ಆ ಪ್ರಶಸ್ತಿಗಳ ಅರ್ಥವೂ ತಿಳಿಯುತ್ತದೆ.

ಎಡಿನ್‌ಬರೋದಿಂದ ಕೋಟಕ್ಕೆ

ಹೊಸನಗರದಿಂದ ಹುಲಿಕಲ್ ಘಾಟಿ ಇಳಿದರೆ, ಇಲ್ಲವೇ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದರೆ ಕರಾವಳಿ ಸಿಗುತ್ತದೆ. ಅಲ್ಲಿ ಉಡುಪಿ ಮತ್ತು ಕುಂದಾಪುರದ ನಡುವೆ, ಸಾಲಿಗ್ರಾಮದ ಪಕ್ಕದಲ್ಲಿ ಇರುವ ಊರು ಕೋಟ. ಡಾ. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರು ಅದು. ಕಾರಂತರ ಮಗಳು ಮಾಳವಿಕಾ ಮನಶ್ಶಾಸ್ತ್ರಜ್ಞೆ. ರವಿ ಕಪೂರ್ ಮದುವೆಯಾದದ್ದು ಅವರನ್ನೇ. ಹೀಗೆ ಕಪೂರ್‌ಗೆ ಕೋಟ ಒಂದು ರೀತಿಯಲ್ಲಿ ಮಾವನ ಮನೆಯ ಊರು.

ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಆಗ ಮನೋವೈದ್ಯ ವಿಭಾಗದ ಪ್ರಾಧ್ಯಾಪಕರಾಗಿದ್ದವರು ಮಾರಿಸ್ ಕಾರ್‌ಸ್ಟೇರ್ಸ್. ಅವರು ಹುಟ್ಟಿದ್ದು ಭಾರತದಲ್ಲಿ. ರಾಜಸ್ಥಾನದ ಹಳ್ಳಿಯ ಜನರ ಮನಸ್ಸಿನ ಬಗ್ಗೆ ಆಗಲೇ ಪುಸ್ತಕ ಬರೆದಿದ್ದವರು. ಅವರ ಜೊತೆ ಸೇರಿ ಕಪೂರ್ 1970ರ ದಶಕದ ಆರಂಭದಲ್ಲಿ ಕೋಟದಲ್ಲಿ ಅಧ್ಯಯನಕ್ಕೆ ಇಳಿದರು.

ಆ ಕಾಲದ ಪರಿಸ್ಥಿತಿಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಇಡೀ ದೇಶದಲ್ಲಿ ಇದ್ದ ಮನೋವೈದ್ಯರು ಕೆಲವೇ ನೂರು ಮಂದಿ. ಜಾರಿಯಲ್ಲಿದ್ದದ್ದು ಬ್ರಿಟಿಷರ 1912ರ ಕಾಯ್ದೆ. ಮಾನಸಿಕ ಆಸ್ಪತ್ರೆ ಎಂದರೆ ಎತ್ತರದ ಗೋಡೆ, ದೊಡ್ಡ ಗೇಟು. ಒಳಗೆ ಹೋಗಲು ಎಷ್ಟೋ ಸಲ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಾಗುತ್ತಿತ್ತು. ವೈದ್ಯರಿಗೆ ಕಾಣುತ್ತಿದ್ದದ್ದು ಆ ಗೇಟು ದಾಟಿ ಬಂದ ರೋಗಿಗಳು ಮಾತ್ರ. ಬಾರದೆ ಮನೆಯಲ್ಲೇ ಉಳಿದವರು ಎಷ್ಟು ಜನ, ಅವರ ಪಾಡೇನು ಎಂಬ ಲೆಕ್ಕ ಯಾರ ಬಳಿಯೂ ಸರಿಯಾಗಿ ಇರಲಿಲ್ಲ. ಕಪೂರ್ ಹೊರಟದ್ದು ಆ ಲೆಕ್ಕ ಹುಡುಕಲು.

ಪ್ರಶ್ನೆ ಕೇಳುವುದನ್ನೇ ಮೊದಲು ಕಲಿಯಬೇಕಾಯಿತು

ಮೊದಲ ತೊಡಕು ಪ್ರಶ್ನಾವಳಿಯದ್ದು. ಇಂಗ್ಲೆಂಡಿನಲ್ಲಿ ತಯಾರಾದ ಪ್ರಶ್ನೆಗಳನ್ನು ಕೋಟದ ಜಗಲಿಯಲ್ಲಿ ಕುಳಿತು ಕೇಳಿದರೆ ಉಪಯೋಗವಿಲ್ಲ. ನಮ್ಮ ಊರುಗಳಲ್ಲಿ ಮನಸ್ಸಿನ ನೋವನ್ನು ದೇಹದ ಮಾತಿನಲ್ಲಿ ಹೇಳುವುದು ಹೆಚ್ಚು. ತಲೆ ಭಾರ, ಎದೆ ಉರಿ, ಕೈಕಾಲು ಸೋಲು, ನಿದ್ದೆ ಹತ್ತುವುದಿಲ್ಲ ಎನ್ನುತ್ತೇವೆ. ನನಗೆ ಖಿನ್ನತೆ ಇದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ಕಪೂರ್ ದಂಪತಿ ಮತ್ತು ಕಾರ್‌ಸ್ಟೇರ್ಸ್ ಸೇರಿ ಭಾರತದ ಜನರಿಗೆ ಹೊಂದುವ ಹೊಸ ಪ್ರಶ್ನಾವಳಿಯನ್ನೇ ರೂಪಿಸಿದರು. ಅದು 1974ರಲ್ಲಿ ಪ್ರಕಟವಾಯಿತು. ರೋಗಿಯನ್ನು ಮಾತ್ರವಲ್ಲ, ಮನೆಯವರನ್ನೂ ಕೇಳಿ ತಿಳಿಯುವ ಕ್ರಮ ಅದರಲ್ಲಿತ್ತು.

ಊರಿನಲ್ಲಿ ಬ್ರಾಹ್ಮಣರು, ಬಂಟರು, ಮೊಗೇರರು ಎಂಬ ಮೂರು ಸಮುದಾಯಗಳನ್ನು ಅವರು ಆರಿಸಿಕೊಂಡರು. ಇದಕ್ಕೂ ಕಾರಣವಿತ್ತು. ಬಂಟರು ಮತ್ತು ಮೊಗೇರರಲ್ಲಿ ಅಳಿಯಸಂತಾನದ ಪದ್ಧತಿ ಇತ್ತು, ಅಂದರೆ ತಾಯಿಯ ಕಡೆಯಿಂದ ಆಸ್ತಿ ಬರುವ ಕ್ರಮ. ಕಾನೂನು ಮತ್ತು ಕಾಲ ಬದಲಾದಂತೆ ಅದು ಸಡಿಲವಾಗುತ್ತಿತ್ತು. ಮನೆಯ ಕಟ್ಟುಪಾಡು ಬದಲಾಗುವಾಗ ಮನಸ್ಸಿನ ಮೇಲೆ ಏನು ಪರಿಣಾಮ ಆಗುತ್ತದೆ ಎಂಬುದು ಅವರ ಕುತೂಹಲ.

ಲೆಕ್ಕ ಏನು ಹೇಳಿತು?

ಅಧ್ಯಯನ 1976ರಲ್ಲಿ ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ ಎಂಬ ಪುಸ್ತಕವಾಗಿ ಬಂತು. ಅದರಲ್ಲಿ ಎಲ್ಲರ ಗಮನ ಸೆಳೆದ ಸಂಗತಿ ಎಂದರೆ, ಪರೀಕ್ಷಿಸಿದವರಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು ಜನರಿಗೆ ಮಾನಸಿಕ ತೊಂದರೆಯ ಕನಿಷ್ಠ ಒಂದು ಲಕ್ಷಣ ಇತ್ತು.

ಇಲ್ಲಿ ಒಂದು ಎಚ್ಚರಿಕೆ. ಈ ಸಾಲನ್ನು ಓದಿ, ಕೋಟದಲ್ಲಿ ಮೂವರಲ್ಲಿ ಒಬ್ಬರಿಗೆ ಹುಚ್ಚು ಎಂದು ಯಾರೂ ಫಾರ್ವರ್ಡ್ ಮಾಡಬಾರದು. ಲಕ್ಷಣ ಬೇರೆ, ಕಾಯಿಲೆ ಬೇರೆ. ಕೆಮ್ಮು ಇದ್ದವರಿಗೆಲ್ಲ ಕ್ಷಯ ಇರುವುದಿಲ್ಲ ಅಲ್ಲವೇ, ಇದೂ ಹಾಗೆಯೇ. ಆದರೆ ಒಂದು ಮಾತಂತೂ ಸ್ಪಷ್ಟವಾಯಿತು. ಸಮುದ್ರದ ಗಾಳಿ, ಗದ್ದೆಯ ಕೆಲಸ, ತುಂಬಿದ ಮನೆ ಇದ್ದರೂ ಮನಸ್ಸಿಗೆ ತೊಂದರೆ ಬರಬಹುದು. ಹಳ್ಳಿಯ ಬದುಕು ಮನೋರೋಗಕ್ಕೆ ಲಸಿಕೆ ಅಲ್ಲ.

ವೈದ್ಯ, ಮಂತ್ರವಾದಿ, ಪಾತ್ರಿ

ಇನ್ನೊಂದು ಸಂಗತಿಯನ್ನೂ ಕಪೂರ್ ಗಮನಿಸಿದರು. ತೊಂದರೆಯಾದಾಗ ಜನ ಯಾರ ಹತ್ತಿರ ಹೋಗುತ್ತಾರೆ? ಊರಿನಲ್ಲಿ ಮೂರು ಬಗೆಯ ಸಾಂಪ್ರದಾಯಿಕ ಚಿಕಿತ್ಸಕರು ಇದ್ದರು: ನಾಟಿ ಔಷಧಿ ಕೊಡುವ ವೈದ್ಯ, ಯಂತ್ರ ತಾಯಿತ ಕಟ್ಟುವ ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ. ಜನ ಇವರಲ್ಲಿಗೂ ಹೋಗುತ್ತಿದ್ದರು, ಇಂಗ್ಲಿಷ್ ಔಷಧಿ ಕೊಡುವ ಡಾಕ್ಟರರಲ್ಲಿಗೂ ಹೋಗುತ್ತಿದ್ದರು. ಒಂದಕ್ಕೆ ಹೋದವರು ಇನ್ನೊಂದನ್ನು ಬಿಡುತ್ತಿರಲಿಲ್ಲ. ಮಲೆನಾಡಿನ ನಮಗೆ ಇದು ಹೊಸದೇನಲ್ಲ. ದೇವಸ್ಥಾನದಲ್ಲಿ ಪ್ರಶ್ನೆ ಇಟ್ಟು, ಹರಕೆ ಹೊತ್ತು, ಅದೇ ಬಸ್ಸಿನಲ್ಲಿ ಆಸ್ಪತ್ರೆಗೂ ಹೋಗಿ ಬರುವವರು ನಮ್ಮ ನಡುವೆ ಎಷ್ಟಿಲ್ಲ!

ಬಹಳಷ್ಟು ವೈದ್ಯರು ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುತ್ತಿದ್ದರು. ಕಪೂರ್ ಹಾಗೆ ಮಾಡದೆ ಕಾರಣ ಹುಡುಕಿದರು. ಈ ಚಿಕಿತ್ಸಕರು ಹತ್ತಿರದಲ್ಲಿರುತ್ತಾರೆ, ನಮ್ಮ ಭಾಷೆ ಆಡುತ್ತಾರೆ, ಮನೆಯವರನ್ನೆಲ್ಲ ಕೂರಿಸಿ ಮಾತು ಕೇಳುತ್ತಾರೆ. ಆಧುನಿಕ ಚಿಕಿತ್ಸೆಯೂ ಅಷ್ಟೇ ಹತ್ತಿರ ಬಂದರೆ ಜನ ಅದನ್ನೂ ಬಳಸುತ್ತಾರೆ. ಹಾಗಾದರೆ ಬದಲಾಗಬೇಕಾದದ್ದು ಜನರಿಗಿಂತ ಮೊದಲು ಆಸ್ಪತ್ರೆ.

ಸಕಲವಾರದ ಪ್ರಯೋಗ

ಈ ಯೋಚನೆಗೆ ರೂಪ ಸಿಕ್ಕಿದ್ದು ಬೆಂಗಳೂರಿನಲ್ಲಿ. ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ 1974ರ ಕೊನೆಗೆ ನಿಮ್ಹಾನ್ಸ್ ಆಗಿತ್ತು. ಮರುವರ್ಷ ಅಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಶುರುವಾಯಿತು. ಮನೋವೈದ್ಯ ವಿಭಾಗದ ಮುಖ್ಯಸ್ಥರಾಗಿದ್ದ ಕಪೂರ್ ಅದರ ಹಿಂದಿನ ಮುಖ್ಯ ಶಕ್ತಿ. ಬನ್ನೇರುಘಟ್ಟ ರಸ್ತೆಯ ಕಡೆಯ ಸಕಲವಾರ ಎಂಬ ಹಳ್ಳಿಯಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು.

ಅಲ್ಲಿನ ಉಪಾಯ ಸರಳವಾಗಿತ್ತು. ಮನೋವೈದ್ಯರು ಕಡಿಮೆ, ಹಳ್ಳಿಗಳು ಲಕ್ಷಾಂತರ. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಮುಖ್ಯವಾದ ನಾಲ್ಕಾರು ಕಾಯಿಲೆ ಗುರುತಿಸಿ ಔಷಧಿ ಕೊಡುವುದನ್ನು ಕಲಿಸುವುದು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ರೋಗಿಯನ್ನು ಗುರುತಿಸುವುದನ್ನೂ, ಮಾತ್ರೆ ಬಿಟ್ಟವರನ್ನು ಮತ್ತೆ ಕರೆತರುವುದನ್ನೂ ಕಲಿಸುವುದು. ಇದೇ ಸಮುದಾಯ ಮಾನಸಿಕ ಆರೋಗ್ಯ. ರೋಗಿ ಆಸ್ಪತ್ರೆ ಹುಡುಕಿಕೊಂಡು ಬರಲಿ ಎಂದು ಕಾಯದೆ, ಚಿಕಿತ್ಸೆಯೇ ರೋಗಿಯ ಊರಿಗೆ ಹೋಗುವುದು.

ಸಕಲವಾರದಂತೆಯೇ ಹರಿಯಾಣದ ರಾಯ್‌ಪುರ್ ರಾಣಿಯಲ್ಲೂ ಆಗ ಪ್ರಯೋಗ ನಡೆದಿತ್ತು. ಎರಡರ ಅನುಭವ ಸೇರಿ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಮುಂದೆ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಇಡೀ ಜಿಲ್ಲೆಗೆ ಇದನ್ನು ವಿಸ್ತರಿಸಿ ತೋರಿಸಿತು. ಅದೇ ಮಾದರಿಯಲ್ಲಿ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಕಪೂರ್ ಆ ಹೊತ್ತಿಗೆ ಬೇರೆ ದಾರಿ ಹಿಡಿದಿದ್ದರು. ನಿಮ್ಹಾನ್ಸ್ ಬಿಟ್ಟು ಮುಂದೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಯೋಗವನ್ನು ತಾವೇ ಅಭ್ಯಾಸ ಮಾಡಿದರು. ಸಾಧು ಸನ್ಯಾಸಿಗಳ ನಡುವೆ ಓಡಾಡಿ ಅವರ ಮನಸ್ಸನ್ನು ಅರಿಯಲು ನೋಡಿದರು. 2006ರ ನವೆಂಬರ್‌ನಲ್ಲಿ ತೀರಿಕೊಂಡರು. ಸನ್ಯಾಸಿಗಳ ಬಗ್ಗೆ ಬರೆದ ಪುಸ್ತಕ ಹೊರಬಂದದ್ದು ಅವರು ಹೋದ ಮೇಲೆ, 2009ರಲ್ಲಿ.

ಪ್ರಶಸ್ತಿ ಯಾವುದಕ್ಕೆ?

ಈಗ ಪ್ರಶಸ್ತಿಗಳ ಮಾತಿಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಾನಸಿಕ ಆರೋಗ್ಯಕ್ಕೆ ಕೊಡುವ ಪ್ರಶಸ್ತಿ ಡಾ. ವಿದ್ಯಾಸಾಗರ್ ಹೆಸರಿನಲ್ಲಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡವರು ಅವರು. ಮುಂಬೈಯ ಡಾ. ಭರತ್ ವಾಟ್ವಾನಿ ಅವರಿಗೆ 2018ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದದ್ದು ಬೀದಿಯಲ್ಲಿ ಅಲೆಯುವ ರೋಗಿಗಳಿಗೆ ಚಿಕಿತ್ಸೆ ಕೊಟ್ಟು ಅವರ ಮನೆಗೆ ಮುಟ್ಟಿಸಿದ್ದಕ್ಕೆ. ನಿಮ್ಹಾನ್ಸ್‌ನಲ್ಲಿ ದುಡಿದು, ಕನ್ನಡದಲ್ಲಿ ನೂರಾರು ಪುಸ್ತಕ ಬರೆದು ಮನೋರೋಗದ ಭಯ ಬಿಡಿಸಿದ ಡಾ. ಸಿ. ಆರ್. ಚಂದ್ರಶೇಖರ್ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಮೂವರ ಕೆಲಸವೂ ಆಸ್ಪತ್ರೆಯ ಗೋಡೆಯನ್ನು ದಾಟಿದ ಕೆಲಸವೇ.

ನಮ್ಮ ತಾಲ್ಲೂಕುಗಳಲ್ಲಿ

ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಮನೆಗಳು ದೂರ ದೂರ. ತೋಟದ ನಡುವಿನ ಒಂಟಿ ಮನೆಯಲ್ಲಿ ಒಬ್ಬರು ವರ್ಷಗಟ್ಟಲೆ ಕೋಣೆ ಬಿಟ್ಟು ಬಾರದಿದ್ದರೂ ಹೊರಗಿನವರಿಗೆ ತಿಳಿಯುವುದಿಲ್ಲ. ಮಗಳ ಮದುವೆಗೆ ಅಡ್ಡಿಯಾದೀತು ಎಂದು ಮನೆಯವರೂ ಹೇಳುವುದಿಲ್ಲ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಕರೆದೊಯ್ಯುವುದು ಎಲ್ಲರಿಂದ ಆಗುವ ಮಾತೂ ಅಲ್ಲ.

ಇದೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ 2005ರಿಂದ ಸ್ಕಿಜೋಫ್ರೇನಿಯಾದಂತಹ ತೀವ್ರ ಕಾಯಿಲೆ ಇರುವವರನ್ನು ಊರಲ್ಲೇ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಡುವ ಕಾರ್ಯಕ್ರಮ ನಡೆಸಿತು. ಚಿಕಿತ್ಸೆಯನ್ನೇ ಕಾಣದವರು ಅಲ್ಲಿ ಇದ್ದರು. ಚಿಕಿತ್ಸೆ ಪಡೆದವರು ದಿನನಿತ್ಯದ ಕೆಲಸ, ಮಾತುಕತೆ, ಸಂಬಂಧಗಳಲ್ಲಿ ಚೇತರಿಸಿಕೊಂಡರು. ಪಡೆಯದೆ ಉಳಿದವರಲ್ಲಿ ಅಂಥ ಚೇತರಿಕೆ ಕಾಣಲಿಲ್ಲ. ಕೋಟದಲ್ಲಿ ಕೇಳಿದ ಪ್ರಶ್ನೆಗೆ ಘಟ್ಟದ ಮೇಲೆ ಸಿಕ್ಕ ಉತ್ತರ ಇದು ಎನ್ನಬಹುದು.

ಹಾಗಾದರೆ ನಾವೇನು ಮಾಡಬಹುದು?

• ವಾರಗಟ್ಟಲೆ ನಿದ್ದೆ, ಊಟ, ಕೆಲಸ ಬಿಟ್ಟವರು, ಇಲ್ಲದ ದನಿ ಕೇಳುತ್ತದೆ ಎನ್ನುವವರು, ಸಾಯುವ ಮಾತಾಡುವವರು ಮನೆಯಲ್ಲಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದು ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.
• ಹೋಗಲು ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು.
• ಖಿನ್ನತೆ ಮತ್ತು ಸ್ಕಿಜೋಫ್ರೇನಿಯಾಕ್ಕೆ ಕೊಡುವ ಮುಖ್ಯ ಔಷಧಿಗಳು ಚಟ ಹಿಡಿಸುವುದಿಲ್ಲ. ಆದರೆ ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು.
• ಹರಕೆ, ಪೂಜೆ ನಿಮ್ಮ ನಂಬಿಕೆ. ಅದರ ಜೊತೆಗೆ ಮಾತ್ರೆಯೂ ನಡೆಯಲಿ. ಹೊಡೆಯುವುದು, ಬರೆ ಹಾಕುವುದು ಚಿಕಿತ್ಸೆಯಲ್ಲ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

ಮುಂದಿನ ಸಲ ಇಂಥ ಪ್ರಶಸ್ತಿಯ ಸುದ್ದಿ ಮೊಬೈಲಿಗೆ ಬಂದರೆ ಖಂಡಿತ ಹಂಚೋಣ. ಜೊತೆಗೆ ನಮ್ಮ ಕೇರಿಯಲ್ಲಿ ಬಹಳ ದಿನದಿಂದ ಕಾಣದ ಒಬ್ಬರು ಯಾರಾದರೂ ಇದ್ದಾರೆಯೇ ಎಂದು ನೆನಪಿಸಿಕೊಂಡು, ಅವರ ಮನೆಗೊಮ್ಮೆ ಹೋಗಿ ಬರೋಣ. ರವಿ ಕಪೂರ್ ಕೋಟದಲ್ಲಿ ಶುರು ಮಾಡಿದ್ದೂ ಹೀಗೆ ಮನೆ ಬಾಗಿಲಿಗೆ ಹೋಗುವುದರಿಂದಲೇ.