ಕತ್ತಲೆಯಲ್ಲೂ ದೇವರ ಕೈ ಬಿಡದ ಸಂತ ತೆರೇಸಾ

ನಮ್ಮ ಅನೇಕ ಇಗರ್ಜಿಗಳಲ್ಲಿ ಶಿಲುಬೆಯನ್ನೂ ಗುಲಾಬಿ ಹೂಗಳನ್ನೂ ಎದೆಗೆ ಅಪ್ಪಿಕೊಂಡ ಕಾರ್ಮೆಲ್ ಧರ್ಮಭಗಿನಿಯ ಪ್ರತಿಮೆ ಇದೆ. ಅಕ್ಟೋಬರ್ 1ರಂದು ನಾವು ಹಬ್ಬ ಆಚರಿಸುವ ಬಾಲಯೇಸುವಿನ ಸಂತ ತೆರೇಸಾ ಇವರು. ಸಂತರಿಗೆ ಸಂಶಯ ಬರುವುದಿಲ್ಲ ಎಂದು ನಾವು ತಿಳಿಯುವುದುಂಟು. ಇವರ ಜೀವನ ಬೇರೆಯೇ ಪಾಠ ಹೇಳುತ್ತದೆ.

ತೆರೇಸಾ 1873ರ ಜನವರಿ 2ರಂದು ಫ್ರಾನ್ಸಿನ ಅಲೆನ್ಸೋನ್ ಪಟ್ಟಣದಲ್ಲಿ ಲೂಯಿ ಮತ್ತು ಝೆಲಿ ಮಾರ್ಟಿನ್ ದಂಪತಿಯ ಕೊನೆಯ ಮಗಳಾಗಿ ಜನಿಸಿದರು. ನಾಲ್ಕೂವರೆ ವರ್ಷದಲ್ಲೇ ತಾಯಿಯನ್ನು ಕಳೆದುಕೊಂಡರು. ತಾಯಿಯ ಸ್ಥಾನ ತುಂಬಿದ ಅಕ್ಕ ಪೌಲೀನ್ 1882ರಲ್ಲಿ ಮಠ ಸೇರಿದರು. ಮುಂದೆ, ಮಾಡಿದ್ದೆಲ್ಲ ಪಾಪವಿರಬಹುದೆಂಬ ಅಂಜಿಕೆ ಬಾಲಕಿಯನ್ನು ಬಹುಕಾಲ ಕಾಡಿತು.

1888ರ ಏಪ್ರಿಲ್ 9ರಂದು, 15ರ ಪ್ರಾಯದಲ್ಲಿ, ಅವರು ಲಿಸಿಯೂ ಕಾರ್ಮೆಲ್ ಮಠ ಸೇರಿದರು. ಮರುವರ್ಷವೇ ತಂದೆಯನ್ನು ಮಾನಸಿಕ ಕಾಯಿಲೆಯ ಕಾರಣ ಆಸ್ಪತ್ರೆಗೆ ಸೇರಿಸಬೇಕಾಯಿತು. ಮಗಳು ಮಠಕ್ಕೆ ಹೋದದ್ದೇ ಇದಕ್ಕೆ ಕಾರಣವೆಂದು ಜನ ಆಡಿಕೊಂಡರು. ಈ ನೋವುಗಳ ನಡುವೆ ಅವರು ತಮ್ಮ 'ಪುಟ್ಟ ಮಾರ್ಗ'ವನ್ನು ಕಂಡುಕೊಂಡರು. ಶ್ರೀಮಂತರ ಮನೆಗಳಲ್ಲಿ ಮೆಟ್ಟಿಲಿನ ಬದಲು ಲಿಫ್ಟ್ ಇರುವಂತೆ, ಮೇಲೇರಲಾಗದ ಮಗುವಿಗೆ ಯೇಸುವಿನ ತೋಳುಗಳೇ ಲಿಫ್ಟ್ ಎಂದು ಅವರು ಅರಿತರು.

ಈ ಭರವಸೆಯ ಪರೀಕ್ಷೆ 1896ರಲ್ಲಿ ಬಂತು. ಪವಿತ್ರ ಗುರುವಾರದ ರಾತ್ರಿ ಕ್ಷಯರೋಗದ ರಕ್ತ ಮೊದಲ ಬಾರಿ ಬಾಯಿಗೆ ಬಂತು. ಪಾಸ್ಖ ಹಬ್ಬದ ಆ ದಿನಗಳಲ್ಲೇ ಮನಸ್ಸಿಗೂ ಕತ್ತಲು ಕವಿಯಿತು. ಸ್ವರ್ಗವಿದೆಯೇ, ಸಾವಿನ ಆಚೆ ಏನೂ ಇಲ್ಲವೇ ಎಂಬ ಸಂಶಯ ಸುಮಾರು 18 ತಿಂಗಳು, ಸಾಯುವವರೆಗೂ, ಅವರನ್ನು ಬಿಡಲಿಲ್ಲ.

ಆಗ ತೆರೇಸಾ ಏನು ಮಾಡಿದರು? ಸಂಶಯದೊಡನೆ ವಾದಕ್ಕೆ ನಿಲ್ಲದೆ ಯೇಸುವಿನ ಬಳಿಗೆ ಓಡಿದರು. ವಿಶ್ವಾಸ ಸಂಗ್ರಹವನ್ನು ತಮ್ಮ ರಕ್ತದಿಂದಲೇ ಬರೆದು ಎದೆಯ ಬಳಿ ಇಟ್ಟುಕೊಂಡರು. ದೇವರನ್ನು ನಂಬದವರನ್ನು ತೆಗಳದೆ, ಅವರ ಊಟದ ಮೇಜಿನಲ್ಲೇ ತಾವೂ ಕುಳಿತಿರುವುದಾಗಿ ಭಾವಿಸಿ ಅವರಿಗಾಗಿ ಪ್ರಾರ್ಥಿಸಿದರು. ಕಿರಿಯ ಭಗಿನಿಯರಿಗೆ ಮಾರ್ಗದರ್ಶನ ನೀಡಿದರು, ಮಿಷನ್ ಕಾರ್ಯಕ್ಕೆ ಮುಡಿಪಾದ ಇಬ್ಬರು ಯುವಕರಿಗೆ ಪತ್ರ ಬರೆದು ಧೈರ್ಯ ತುಂಬಿದರು. ತೀವ್ರ ನೋವಿನಲ್ಲಿರುವ ರೋಗಿಯ ಬಳಿ ವಿಷದ ಔಷಧಿ ಇಡಬೇಡಿ ಎಂದು ಮಠದವರನ್ನು ಎಚ್ಚರಿಸಿದರು; ಹತಾಶೆ ಎಷ್ಟು ಹತ್ತಿರ ಬರಬಲ್ಲದು ಎಂದು ಅವರಿಗೆ ತಿಳಿದಿತ್ತು. 1897ರ ಆಗಸ್ಟ್ 19ರ ನಂತರ ಪರಮಪ್ರಸಾದ ಸ್ವೀಕರಿಸಲೂ ಆಗಲಿಲ್ಲ. ಸೆಪ್ಟೆಂಬರ್ 30ರಂದು, 24ರ ಪ್ರಾಯದಲ್ಲಿ, ದೇವರ ಮೇಲಿನ ಪ್ರೀತಿಯನ್ನು ನುಡಿಯುತ್ತಲೇ ಪ್ರಾಣ ಬಿಟ್ಟರು.

1925ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಅವರಿಗೆ ಸಂತ ಪದವಿ ನೀಡಿದರು. 1997ರಲ್ಲಿ ಎರಡನೆಯ ಜಾನ್ ಪೌಲ್ ಜಗದ್ಗುರುಗಳು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ತಂದೆತಾಯಿಯರೂ 2015ರಲ್ಲಿ ಸಂತರ ಸಾಲಿಗೆ ಸೇರಿದರು.

ಪ್ರಿಯರೇ, ಆಸ್ಪತ್ರೆಯ ಹಾಸಿಗೆಯ ಬಳಿ, ಸಾಲದ ಚಿಂತೆಯಲ್ಲಿ, ಮಗುವನ್ನು ಮಣ್ಣು ಮಾಡಿ ಬಂದ ರಾತ್ರಿ, ದೇವರು ಇದ್ದಾರೆಯೇ ಎಂಬ ಪ್ರಶ್ನೆ ನಮ್ಮಲ್ಲೂ ಏಳುತ್ತದೆ. ಪ್ರಶ್ನೆ ಎದ್ದಿತೆಂದು ವಿಶ್ವಾಸ ಸತ್ತುಹೋಯಿತು ಎಂದಲ್ಲ. ಭರವಸೆ ಎಂದರೆ ಭಯವಿಲ್ಲದ ಮನಸ್ಸಲ್ಲ. ಭಯದ ನಡುವೆಯೂ ದೇವರ ಕೈ ಬಿಡದಿರುವುದು. ನಮ್ಮ ವಾಳೆಯಲ್ಲಿ ಯಾರಾದರೂ ಇಂಥ ಸಂಶಯ ತೋಡಿಕೊಂಡರೆ ಗದರಿಸದಿರೋಣ. ತೆರೇಸಾರಂತೆ ಅವರ ಪಕ್ಕದಲ್ಲಿ ಕುಳಿತು, ಅವರ ಪರವಾಗಿಯೂ ವಿಶ್ವಾಸ ಸಂಗ್ರಹವನ್ನು ಹೇಳೋಣ.